ಪ್ರತಿಮದ್ದು ಮೊದಲೋ, ಉಸಿರು ಮೊದಲೋ?

(ನರವ್ಯೂಹದ ಪಾಠಕ್ಕೆ ಪೂರಕ. ತರಗತಿ: 9 ಮತ್ತು 10. ಬೇಕಾದುದು: 6 ಕುರ್ಚಿ, 6 ಕೆಂಪು ಚೀಟಿ, 12 ನೀಲಿ ಚೀಟಿ.)

ನರವ್ಯೂಹದ ಪಾಠ ನಡೆಯುವಾಗ ಮಕ್ಕಳು ಕೇಳ್ತಾರೆ: “ನಿದ್ದೆಗುಳಿಗೆ ಹೆಚ್ಚಾದ್ರೆ ಅದನ್ನು ಇಳಿಸೋ ಮದ್ದು ಇಲ್ವಾ ಟೀಚರ್?” ಇದೆ. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿಸುವುದು ಮುಖ್ಯ.

ಮಿದುಳಿನಲ್ಲಿ ನರಕೋಶಗಳ ಚುರುಕನ್ನು ತಗ್ಗಿಸುವ ರಾಸಾಯನಿಕ ಗಾಬಾ. ಅದು ತನ್ನ ಗ್ರಾಹಕದ ಮೇಲೆ ಕೂತಾಗ ಕೋಶದ ಬಾಗಿಲು ತೆರೆದು ಕ್ಲೋರೈಡ್ ಅಯಾನುಗಳು ಒಳಬರುತ್ತವೆ, ಕೋಶ ಶಾಂತವಾಗುತ್ತದೆ. ಡಯಜೆಪಾಮ್, ಅಲ್ಪ್ರಜೋಲಾಮ್, ಲೋರಜೆಪಾಮ್ ಮುಂತಾದ ಬೆಂಜೊಡಯಜೆಪೈನ್ ಗುಳಿಗೆಗಳು ಅದೇ ಗ್ರಾಹಕದ ಬೇರೊಂದು ಜಾಗದಲ್ಲಿ ಕೂತು ಗಾಬಾದ ಕೆಲಸವನ್ನು ಹೆಚ್ಚಿಸುತ್ತವೆ. ಗುಳಿಗೆ ಮಿತಿಮೀರಿದರೆ, ಅದರಲ್ಲೂ ಮದ್ಯ ಜೊತೆಗೂಡಿದರೆ, ಉಸಿರಾಟವೇ ಕುಗ್ಗುತ್ತದೆ.

ಇವುಗಳ ಪ್ರತಿಮದ್ದು ಫ್ಲುಮಾಜೆನಿಲ್. ಗುಳಿಗೆ ಕೂರುವ ಜಾಗದಲ್ಲೇ ಅದು ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಗುಳಿಗೆಯನ್ನು ನಾಶಮಾಡುವುದೂ ಇಲ್ಲ, ಮೈಯಿಂದ ಹೊರಹಾಕುವುದೂ ಇಲ್ಲ. ಅಫೀಮಿನ ಗುಂಪಿನ ಮಾರ್ಫಿನ್‌ಗೆ ಬೇರೆ ಗ್ರಾಹಕ, ಬೇರೆ ಪ್ರತಿಮದ್ದು: ನಾಲೊಕ್ಸೋನ್. ಒಂದರ ಮದ್ದು ಇನ್ನೊಂದಕ್ಕೆ ನಡೆಯದು.

ಚಟುವಟಿಕೆ: ಕುರ್ಚಿಗಳೇ ಗ್ರಾಹಕ. ಕೆಂಪು ಚೀಟಿಯ 6 ಮಕ್ಕಳು (ಗುಳಿಗೆ) ಮೊದಲು ಕೂರಲಿ. ನೀಲಿ ಚೀಟಿಯ 12 ಮಕ್ಕಳು (ಪ್ರತಿಮದ್ದು) ಬರಲಿ. ಚಪ್ಪಾಳೆ ತಟ್ಟಿದಾಗಲೆಲ್ಲ ಎಲ್ಲರೂ ಎದ್ದು, ಸಿಕ್ಕ ಕುರ್ಚಿಯಲ್ಲಿ ಕೂರಬೇಕು. ಎಷ್ಟು ಕೆಂಪು ಕೂತಿದೆ, ಎಣಿಸಿ ಬರೆಯಿರಿ. ಆಮೇಲೆ ಒಂದೊಂದು ಚಪ್ಪಾಳೆಗೂ ನೀಲಿಯವರಲ್ಲಿ ಅರ್ಧ ಜನ ಹೊರಹೋಗಲಿ: 12, 6, 3. ಕುರ್ಚಿಗಳು ಮತ್ತೆ ಕೆಂಪಾಗ್ತಾ ಬರುವುದನ್ನು ಮಕ್ಕಳೇ ಕಾಣ್ತಾರೆ.

ಆಸ್ಪತ್ರೆಯಲ್ಲೂ ಹೀಗೆಯೇ. ಫ್ಲುಮಾಜೆನಿಲ್‌ನ ಅರ್ಧಾಯು ಸುಮಾರು 1 ಗಂಟೆ. ಡಯಜೆಪಾಮ್‌ನದು ಅನೇಕರಲ್ಲಿ ಒಂದು ದಿನಕ್ಕೂ ಹೆಚ್ಚು. ಎಚ್ಚರವಾದ ರೋಗಿ ಮತ್ತೆ ಮಂಪರಿಗೆ ಜಾರಬಹುದು. ಬಹುಕಾಲ ಗುಳಿಗೆ ನುಂಗುತ್ತಿದ್ದವರಿಗೆ ಈ ಪ್ರತಿಮದ್ದಿನಿಂದ ಫಿಟ್ಸ್ ಬರುವ ಅಪಾಯವೂ ಉಂಟು. ಆದ್ದರಿಂದ ವೈದ್ಯರು ಇದನ್ನು ಎಲ್ಲರಿಗೂ ಕೊಡುವುದಿಲ್ಲ. ಉಸಿರಾಟ ನಿಲ್ಲದಂತೆ ನೋಡಿಕೊಳ್ಳುವುದೇ ಅವರ ಮೊದಲ ಕೆಲಸ.

ಈ ಪಾಠವನ್ನು ಕಲಿಸಿದ್ದು ಡೆನ್ಮಾರ್ಕ್‌ನ ಕೋಪನ್‌ಹೇಗನ್. ಬಾರ್ಬಿಚುರೇಟ್ ಎಂಬ ಹಳೆಯ ನಿದ್ದೆಮದ್ದಿಗೆ ಪ್ರತಿಮದ್ದೇ ಇಲ್ಲ. ಅದು ಹೆಚ್ಚಾಗಿ ಬಂದವರಿಗೆ ಹಿಂದೆ ನರ ಕೆರಳಿಸುವ ಮದ್ದು ಚುಚ್ಚುತ್ತಿದ್ದರು. ಸುಮಾರು ಐವರಲ್ಲಿ ಒಬ್ಬರು ಸಾಯುತ್ತಿದ್ದರು. 1940ರ ದಶಕದಲ್ಲಿ ಕಾರ್ಲ್ ಕ್ಲೆಮೆಸೆನ್ ಆ ಮದ್ದನ್ನು ಬಿಟ್ಟು ಉಸಿರು, ರಕ್ತದೊತ್ತಡ, ಶುಶ್ರೂಷೆಗಳಿಗೆ ಗಮನ ಕೊಟ್ಟರು. ಸಾವು ನೂರಕ್ಕೆ 1–2ಕ್ಕೆ ಇಳಿಯಿತು.

ಮಕ್ಕಳು ಮನೆಗೆ ಒಯ್ಯಬೇಕಾದುದು: ಮಂಪರಿನಲ್ಲಿ ಇದ್ದವರನ್ನು ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಕಾಫಿ ಕೊಡಬೇಡಿ. ಅದು ಶ್ವಾಸನಾಳಕ್ಕೆ ಹೋದೀತು. ಖಾಲಿ ಗುಳಿಗೆ ಪಟ್ಟಿಯನ್ನು ಆಸ್ಪತ್ರೆಗೆ ಒಯ್ಯಿರಿ. ಅಜ್ಜ-ಅಜ್ಜಿಯ ಗುಳಿಗೆ ಎಳೆಮಕ್ಕಳ ಕೈಗೆ ಸಿಗದಿರಲಿ. ಯಾರಾದರೂ ಮಗು ಮನಸ್ಸಿನ ಸಂಕಟ ಹೇಳಿಕೊಂಡರೆ ಬದಿಗೆ ಕೂರಿಸಿ ಕೇಳಿ. ಟೆಲಿ ಮಾನಸ್ 14416 ಸಂಖ್ಯೆಯನ್ನು ಫಲಕದಲ್ಲಿ ಬರೆದಿಡಿ.

ಅಭ್ಯಾಸ:
1. 3 ಗಂಟೆಯ ಬಳಿಕ ಫ್ಲುಮಾಜೆನಿಲ್‌ನ ಎಷ್ಟನೇ ಭಾಗ ಉಳಿದಿರುತ್ತದೆ? (ಎಂಟನೇ ಒಂದು)
2. ಎಚ್ಚರವಾದ ರೋಗಿಯನ್ನು ಕೂಡಲೇ ಮನೆಗೆ ಕಳಿಸುವುದಿಲ್ಲ, ಯಾಕೆ?