ಪುಕ್ಕಟೆ ರೊಕ್ಕ ಬೇಡವೆಂದ ಮೊಮ್ಮಗನಿಗೆ



ರಾಜ್ಯ ಸರ್ಕಾರದ ಯುವನಿಧಿ ಭತ್ಯೆಗೆ ಅರ್ಜಿ ಹಾಕುವುದಿಲ್ಲ, ಪುಕ್ಕಟೆ ರೊಕ್ಕ ಬೇಡ ಅಂದೆಯಂತೆ. ಪುಣೆಯ ಯಾವುದೋ ಗೋದಾಮಿಗೆ ಹೊರಟಿದ್ದೀಯಂತೆ. ಪಗಾರದ ಚೀಟಿ ಇಲ್ಲ, ಪಿ.ಎಫ್. ಇಲ್ಲ. ನಿನ್ನ ಅವ್ವ ಹೇಳಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ. ಹೋಗಲೇಬೇಡ ಅನ್ನಲಾರೆ, ನಿರ್ಧಾರ ನಿನ್ನದು. ಆದರೂ ಕೇಳು.

ನಮ್ಮಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ತುಂಬ ಅರಳೆ. ಅವ್ವ ಹೊಸ್ತಿಲಲ್ಲೇ ನಿಲ್ಲಿಸಿ ಸೆರಗಿನಿಂದ ಝಾಡಿಸುತ್ತಿದ್ದಳು. ಅವನಿಗೆ ಓದು ಬಾರದು. ವರ್ಷಕ್ಕೊಮ್ಮೆ ಪಿ.ಎಫ್. ಚೀಟಿ ಬಂದಾಗ ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದ: ನನ್ನ ಪಾಲು ಎಷ್ಟು, ಕಂಪನಿ ಪಾಲು ಎಷ್ಟು? 1952ರ ಭವಿಷ್ಯ ನಿಧಿ (ಪಿ.ಎಫ್.) ಕಾನೂನು ಮೊದಲು ಅನ್ವಯವಾದ ಆರು ಉದ್ಯಮಗಳಲ್ಲಿ ಬಟ್ಟೆ ಗಿರಣಿಯೂ ಒಂದು. ನಾವಿರುವ ಈ ಮನೆ ಎದ್ದದ್ದು ಆ ಪಿ.ಎಫ್. ದುಡ್ಡಿನಲ್ಲಿ. ಯಾರೂ ಅದನ್ನು ಭಿಕ್ಷೆ ಅನ್ನಲಿಲ್ಲ.

ನಾನು ಹರೆಯದ ಹುರುಪಿನಲ್ಲಿ ಇಚಲಕರಂಜಿಯ ಮಗ್ಗಕ್ಕೆ ಹೋದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ಬೆರಳು ಸಿಕ್ಕಿ ಜಜ್ಜಿದಾಗ ಮಾಲೀಕ ಎರಡು ದಿನದ ಕೂಲಿ ಕೈಗಿಟ್ಟು ಬಸ್ ಹತ್ತಿಸಿದ. ಕೇಳೋಣವೆಂದರೆ ನಾನು ಅಲ್ಲಿ ದುಡಿದೆ ಎನ್ನಲು ಒಂದು ಕಾಗದವಿಲ್ಲ.

ಈಗ ಯುವನಿಧಿಯ ಮಾತು. ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾದ ಯೋಜನೆ ಇದು. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಪರೀಕ್ಷೆಗೆ ಓದಲು, ಸಂದರ್ಶನಕ್ಕೆ ಹೋಗಿಬರಲು, ಸಿಕ್ಕಿದ್ದಕ್ಕೆಲ್ಲ ತಲೆಯಾಡಿಸದೆ ಇರಲು ಅಷ್ಟು ಸಾಕು.

ಸ್ವಾಭಿಮಾನ ಅಂತೀಯಾ? ನಿನ್ನ ಅವ್ವನ ಗೃಹಲಕ್ಷ್ಮಿ ಯೋಜನೆಯ ರೊಕ್ಕದಲ್ಲಿ ನಿನ್ನ ಮೊಬೈಲಿಗೆ ರೀಚಾರ್ಜ್ ಆಗುವಾಗ ಅದು ಎಲ್ಲಿತ್ತು? ಅವಳ 2,000 ತಿನ್ನಬಹುದು, ನಿನ್ನ ಹೆಸರಿನದು ಬೇಡವೇ? ಅದು ಸೊಕ್ಕು, ತಮ್ಮಾ. ಆ ರೊಕ್ಕ ಪುಕ್ಕಟೆಯೂ ಅಲ್ಲ: ಸೋಪಿನಿಂದ ಹಿಡಿದು ಚಪ್ಪಲಿವರೆಗೆ ಈ ಮನೆ ತೆರಿಗೆ ಕಟ್ಟುತ್ತಲೇ ಬಂದಿದೆ.

ಸಿಟ್ಟಾಗಬೇಡ. ನಿನ್ನನ್ನು ಎತ್ತಿ ಆಡಿಸಿದವನು, ಅದಕ್ಕೇ ಇಷ್ಟು ಬಿರುಸು. ಸೋಮವಾರ ಮಾರ್ಕ್ಸ್ ಕಾರ್ಡು, ಆಧಾರ್ ಹಿಡಿದು ಬಾ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳೋಣ, ನಾನೂ ಬರುತ್ತೇನೆ. ಸೇವಾ ಸಿಂಧುವಿನ ಅರ್ಜಿಯನ್ನು ನೀನೇ ತುಂಬು. ಕೆಲಸ ಸಿಕ್ಕ ದಿನ ಅದನ್ನೂ ಸರ್ಕಾರಕ್ಕೆ ತಪ್ಪದೆ ತಿಳಿಸು. ಆಮೇಲಿನ ಕಂತು ನಿನ್ನದಲ್ಲ.

ನಿನ್ನ ಅಜ್ಜ