ಧ್ರುವ ಎಲ್ಲಿದೆ ಅಂತ ಅಳೆದ ಬೋವರ್ಸ್

ದಕ್ಷಿಣ ಧ್ರುವಕ್ಕೆ ಮೊದಲು ಹೋದವರು ಅಮುಂಡ್‌ಸೆನ್, 1911ರ ಡಿಸೆಂಬರ್ 14ರಂದು. ಅವರ ಹಿಂದೆ ಹೋದವರು ಸ್ಕಾಟ್. ನನಗೊಂದು ಸಂಶಯವಿತ್ತು. ಅಲ್ಲಿ ಕಲ್ಲಿಲ್ಲ, ಮರವಿಲ್ಲ, ಎತ್ತ ನೋಡಿದರೂ ಹಿಮ. ಇದೇ ಧ್ರುವ ಅಂತ ಹೇಗೆ ಗೊತ್ತಾಯ್ತು? ಸ್ಕಾಟ್ ತಂಡದಲ್ಲಿ ಅದನ್ನು ಅಳೆದವರು ಹೆನ್ರಿ ಬೋವರ್ಸ್.

ಇವರು 1883ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ಹಡಗಿನ ಕೆಲಸ ಕಲಿತು, 1905ರಲ್ಲಿ ಬ್ರಿಟಿಷ್ ಆಡಳಿತದ ರಾಯಲ್ ಇಂಡಿಯನ್ ಮರೀನ್ ಸೇರಿ, ಬರ್ಮಾದ ಐರಾವತಿ ನದಿಯಲ್ಲೂ ದುಡಿದರು. ಆಳು ಕುಳ್ಳು, ಮೂಗು ದೊಡ್ಡದು. ಅದಕ್ಕೇ ಎಲ್ಲರೂ ‘ಬರ್ಡಿ’, ಅಂದರೆ ಹಕ್ಕಿ, ಅಂತ ಕರೀತಿದ್ದರು. 1910ರಲ್ಲಿ ಸ್ಕಾಟ್ ತಂಡ ಸೇರಿ ಸಾಮಾನು ಸರಂಜಾಮು ನೋಡಿಕೊಳ್ಳುತ್ತಿದ್ದವರು ಕೊನೆಗೆ ಧ್ರುವಕ್ಕೆ ಹೊರಟ ಐವರಲ್ಲಿ ಒಬ್ಬರಾದರು. ಉಳಿದ ನಾಲ್ವರು ಹಿಮದ ಮೇಲೆ ಜಾರುವ ಸ್ಕೀ ಹಲಗೆ ಕಟ್ಟಿಕೊಂಡಿದ್ದರು. ಇವರು ಬರೀ ಕಾಲ್ನಡಿಗೆಯಲ್ಲೇ ಗಾಡಿ ಎಳೆದರು!

ಈಗ ಅಳತೆಯ ವಿಷಯ. ನಮ್ಮಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಗೆ ಬಂದು ಸಂಜೆ ಇಳಿಯುತ್ತಾನೆ. ಧ್ರುವದಲ್ಲಿ ಹಾಗಲ್ಲ. ಅಲ್ಲಿನ ಬೇಸಿಗೆಯಲ್ಲಿ ಸೂರ್ಯ ಮುಳುಗೋದೇ ಇಲ್ಲ. ಗಾಣದ ಎತ್ತಿನ ಹಾಗೆ ದಿನವಿಡೀ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸುತ್ತುತ್ತಾನೆ. ಜನವರಿ 17ರ ಹೊತ್ತಿಗೆ ಆ ಎತ್ತರ ಸುಮಾರು 21 ಡಿಗ್ರಿ. ಒಂದು ಹೊತ್ತಿನಲ್ಲಿ ಹೆಚ್ಚು, 12 ಗಂಟೆ ಬಿಟ್ಟು ನೋಡಿದರೆ ಕಡಿಮೆ ಬಂತೋ, ಧ್ರುವ ಇನ್ನೂ ಮುಟ್ಟಿಲ್ಲ ಅಂತ ಅರ್ಥ. ಸೂರ್ಯ ಎತ್ತರವಾಗಿ ಕಂಡ ದಿಕ್ಕಿಗೆ ಎದುರು ದಿಕ್ಕಿನಲ್ಲಿ ಹೋಗಬೇಕು. ಕೋನ ಅಳೆಯುವ ಯಂತ್ರದ ಹೆಸರು ಥಿಯೋಡೋಲೈಟ್. ಅದರಲ್ಲಿ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು ತಪ್ಪಿದರೂ ನೆಲದ ಮೇಲೆ ಸುಮಾರು 1.85 ಕಿ.ಮೀ. ತಪ್ಪುತ್ತದೆ, ನೋಡಿ!

1912ರ ಜನವರಿ 16ರಂದು ದೂರದಲ್ಲಿ ಏನೋ ಇದೆ ಅಂತ ಮೊದಲು ಕಂಡದ್ದು ಬೋವರ್ಸ್ ಕಣ್ಣಿಗೇ. ಹತ್ತಿರ ಹೋದರೆ ಅಮುಂಡ್‌ಸೆನ್ ತಂಡದ ಕಪ್ಪು ಬಾವುಟ. ಸೋತದ್ದು ಅಲ್ಲೇ ಗೊತ್ತಾಯ್ತು. ಹಾಗೇ ವಾಪಸ್ಸು ತಿರುಗಿದ್ದರೂ ಯಾರೂ ಕೇಳ್ತಿರಲಿಲ್ಲ ಅಂತ ನನಗನ್ನಿಸುತ್ತೆ. ಆದರೆ 17ರಂದು ಡೇರೆ ಹಾಕಿ, ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗಿನ ಚಳಿಯಲ್ಲಿ ಬೋವರ್ಸ್ ಸೂರ್ಯನನ್ನು ಅಳೆದರು. ಲೆಕ್ಕ ಹಾಕಿದರೆ ಧ್ರುವ ಇನ್ನೂ ಮೂರೂವರೆ ಮೈಲಿ! 18ರಂದು ಆ ಕಡೆ ನಡೆದಾಗ ಅಮುಂಡ್‌ಸೆನ್ ಬಿಟ್ಟುಹೋಗಿದ್ದ ಡೇರೆ ಸಿಕ್ಕಿತು.

ಹಿಂದಿರುಗುವ ದಾರಿಯಲ್ಲಿ ಐವರೂ ತೀರಿಕೊಂಡರು. ಬೋವರ್ಸ್‌ಗೆ ಆಗ 28 ವರ್ಷ. ಅವರ ಕೊನೆಯ ಡೇರೆಯಿಂದ ಆಹಾರ ಕೂಡಿಟ್ಟಿದ್ದ ಜಾಗ ಬರೀ 11 ಮೈಲಿ. ನವೆಂಬರ್‌ನಲ್ಲಿ ಹುಡುಕಿ ಹೋದವರಿಗೆ ಡೈರಿಗಳೂ ಫಿಲ್ಮೂ ಸಿಕ್ಕವು. ಫಿಲ್ಮು ತೊಳೆದಾಗ ಧ್ರುವದಲ್ಲಿ ಐವರೂ ಇರುವ ಫೋಟೋ ಬಂತು. ಕ್ಯಾಮೆರಾಕ್ಕೆ ದಾರ ಕಟ್ಟಿ ಎಳೆದು ಅದನ್ನು ತೆಗೆದವರೂ ಬೋವರ್ಸ್.