ಮನೆಯಲ್ಲಿ ಎಸ್ಪ್ರೆಸೊ: ಹುಳಿ ಬಂದದ್ದು ಮೆಷಿನ್‌ನಿಂದಲೋ, ಕಣದಿಂದಲೋ?

ಎರಡು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ರೋಸ್ಟರ್‌ಗೆ ನಮ್ಮ ತೋಟದ ಅರೇಬಿಕಾ ಪಾರ್ಚ್‌ಮೆಂಟ್ ಸ್ಯಾಂಪಲ್ ಕಳಿಸಿದ್ದೆ. ಸಾವಯವ ಕಾಫಿ, ನೆರಳಲ್ಲಿ ಬೆಳೆದದ್ದು, ಒಳ್ಳೇ ರೇಟು ಸಿಗುತ್ತೆ ಅಂತ ಲೆಕ್ಕ ಹಾಕಿ ಕೂತಿದ್ದೆ. ಒಂದು ವಾರ ಬಿಟ್ಟು ವಾಟ್ಸಾಪ್‌ನಲ್ಲಿ ಉತ್ತರ ಬಂತು: ಹುಳಿ ವಾಸನೆ ಇದೆ, ಬೇಡ. ನನಗೆ ಸಿಟ್ಟೇ ಬಂತು. ಅದೇ ಕಾಫಿಯನ್ನು ಮನೆಯಲ್ಲಿ ದಿನಾ ಕುಡಿತಾ ಇದ್ವಿ, ಯಾರಿಗೂ ಏನೂ ಅನ್ನಿಸಿರಲಿಲ್ಲ. ಅನ್ನಿಸೋದಾದರೂ ಹೇಗೆ? ಚಿಕೋರಿ, ಗಟ್ಟಿ ಹಾಲು, ಎರಡು ಚಮಚ ಸಕ್ಕರೆ. ಅದರೊಳಗೆ ಯಾವ ತಪ್ಪು ಬೇಕಾದರೂ ಅಡಗಿಕೊಳ್ಳುತ್ತೆ.

ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಎಸ್ಪ್ರೆಸೊ ಮೆಷಿನ್ ತಂದೆ. ಮೊದಲ ಕಪ್ ನೋಡಿ ಅಪ್ಪ, "ಇಷ್ಟು ದುಡ್ಡು ಸುರಿದು ಇಷ್ಟೇ ಇಷ್ಟು ಕಾಫಿನಾ?" ಅಂದರು. ಆ ಇಷ್ಟೇ ಇಷ್ಟರಲ್ಲೇ ನಮಗೆ ಬೇಕಾದ್ದು ಇರೋದು. ಬಿಸಿನೀರು ಸುಮಾರು 9 ಬಾರ್ ಒತ್ತಡದಲ್ಲಿ ನುಣ್ಣನೆ ಪುಡಿಯ ಮೂಲಕ ಅರ್ಧ ನಿಮಿಷದೊಳಗೆ ಹಾದು ಬರುತ್ತೆ. ಒಳ್ಳೆಯದೂ ಕೆಟ್ಟದ್ದೂ ಎರಡೂ ಮಂದವಾಗಿ ಕಪ್‌ಗೆ ಇಳಿಯುತ್ತೆ. ವ್ಯಾಪಾರದಲ್ಲಿ ರುಚಿ ನೋಡುವ ಪದ್ಧತಿ ಕಪ್ಪಿಂಗ್, ಅದಕ್ಕೆ ಮೆಷಿನ್ ಬೇಕಾಗಿಲ್ಲ, ನಿಜ. ಆದರೆ ಇದಾದರೆ ದಿನಾ ಕುಡಿಯಬಹುದು. ದಿನಾ ಕುಡಿದರೆ ನಾಲಿಗೆ ಕಲಿಯುತ್ತೆ.

ಹೊಸದಾಗಿ ತಗೊಳ್ಳೋರಿಗೆ ಒಂದು ಮಾತು. ಮೆಷಿನ್‌ಗಿಂತ ಗ್ರೈಂಡರ್‌ಗೆ ದುಡ್ಡು ಹಾಕಿ. ಮಿಕ್ಸಿಯಲ್ಲಿ ಪುಡಿ ಮಾಡಿದರೆ ಅರ್ಧ ಹಿಟ್ಟು, ಅರ್ಧ ರವೆ ಆಗುತ್ತೆ. ನೀರು ಸುಲಭದ ದಾರಿ ಹುಡುಕಿಕೊಂಡು ಒಂದೇ ಕಡೆ ನುಗ್ಗುತ್ತೆ. ಬರ್ ಇರುವ ಗ್ರೈಂಡರ್ ಬೇಕು, ಕೈಯಲ್ಲಿ ತಿರುಗಿಸೋದಾದರೂ ಸರಿ, ಎಸ್ಪ್ರೆಸೊಗೆ ಬೇಕಾದಷ್ಟು ನುಣ್ಣಗೆ ಬೀಸಿದರೆ ಆಯ್ತು. ಇನ್ನೊಂದು, ಸಣ್ಣ ಮೆಷಿನ್‌ಗಳ ಜೊತೆ ಎರಡು ಪದರದ ಬಾಸ್ಕೆಟ್ ಕೊಡ್ತಾರೆ. ಅದರಲ್ಲಿ ಎಂಥ ಪುಡಿ ಹಾಕಿದರೂ ಮೇಲೆ ನೊರೆ ಬರುತ್ತೆ. ನೋಡೋಕೆ ಚಂದ, ನಮ್ಮ ಕೆಲಸಕ್ಕೆ ಬಾರದು. ಒಂದೇ ಪದರದ ಬಾಸ್ಕೆಟ್ ಹಾಕಿ.

ಕಾಫಿಯನ್ನು ಹುರಿಯುವ ಅಂಗಡಿಗೆ ಕೊಡುವಾಗ ಚಿಕೋರಿ ಬೇಡ, ಪುಡಿ ಮಾಡೋದೂ ಬೇಡ, ಕಪ್ಪಾಗಿಸದೆ ಮಧ್ಯಮ ಹುರಿದುಕೊಡಿ ಅಂತ ಬಿಡಿಸಿ ಹೇಳಿ. ಹುರಿದ ಮರುದಿನವೇ ಆತುರಪಡಬೇಡಿ. ಬೀಜದೊಳಗಿನ ಗ್ಯಾಸ್ ಹೋಗೋಕೆ ಒಂದು ವಾರ ಬಿಡಿ.

ನನ್ನ ಅಳತೆ ಇದು: 18 ಗ್ರಾಂ ಪುಡಿ, ಕಪ್‌ಗೆ ಇಳಿಯುವ ಕಾಫಿ 36 ಗ್ರಾಂ, ಸಮಯ 25ರಿಂದ 30 ಸೆಕೆಂಡ್. ನಿಮ್ಮ ಬಾಸ್ಕೆಟ್ ಚಿಕ್ಕದಾಗಿದ್ದರೆ 14 ಗ್ರಾಂ ಹಾಕಿ 28 ಗ್ರಾಂ ಇಳಿಸಿ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು, ಸ್ಟಾಪ್‌ವಾಚ್ ಹೇಗೂ ಫೋನಿನಲ್ಲಿದೆ. ಪುಡಿಯನ್ನು ಬಾಸ್ಕೆಟ್‌ನಲ್ಲಿ ಸಮವಾಗಿ ಹರಡಿ, ಓರೆಯಾಗದಂತೆ ಒತ್ತಿ. ಶಕ್ತಿಯೆಲ್ಲ ಬಿಟ್ಟು ಒತ್ತಬೇಕಿಲ್ಲ, ಮಟ್ಟವಾಗಿದ್ದರೆ ಸಾಕು. ನೀರು 90ರಿಂದ 96 ಡಿಗ್ರಿ ಇರಬೇಕು. ಅದಕ್ಕೇ ಮೊದಲು ಒಂದು ಸಲ ಪುಡಿ ಇಲ್ಲದೆ ಬರೀ ನೀರು ಓಡಿಸಿ ಎಲ್ಲವನ್ನೂ ಬಿಸಿ ಮಾಡ್ಕೊಳ್ಳಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಳಗೆ ಸುಣ್ಣ ಕಟ್ಟುತ್ತೆ, ಆಗಾಗ ನಿಂಬೆ ಉಪ್ಪಿನ ನೀರು ಹಾಯಿಸಿ ತೊಳೀಬೇಕು. ನಾನು ತೊಳೀದೆ ಒಂದು ಪಂಪ್ ಹಾಳು ಮಾಡಿಕೊಂಡಿದ್ದೇನೆ.

ಈಗ ಹುಳಿಯ ವಿಷಯ. ನನ್ನ ಮೊದಲ ಶಾಟ್ 14 ಸೆಕೆಂಡಿಗೇ ಇಳಿದುಬಿಟ್ಟಿತ್ತು. ತೆಳ್ಳಗೆ, ಬಾಯಿ ಸೊಟ್ಟಗಾಗುವಷ್ಟು ಹುಳಿ. ಇದು ಮೆಷಿನ್ ಕಡೆಯ ಹುಳಿ: ನೀರು ಬೇಗ ಹೋಗಿದೆ, ಪುಡಿಯ ಸಿಹಿ ಇನ್ನೂ ಹೊರಗೆ ಬಂದಿಲ್ಲ. ಗ್ರೈಂಡರನ್ನು ಸ್ವಲ್ಪ ನುಣ್ಣಗೆ ತಿರುಗಿಸಿದೆ, ಬೇರೇನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಗೊಬ್ಬರದ ಟ್ರಯಲ್ ಮಾಡುವಾಗ ಮಾಡ್ತೀವಲ್ಲ ಹಾಗೇ. ನಾಲ್ಕನೇ ಸಲಕ್ಕೆ 28 ಸೆಕೆಂಡ್ ಬಂತು. ಬಾಯಿ ಹಿಂಡುವ ಹುಳಿ ಹೋಯ್ತು, ಬೆಲ್ಲದಂಥ ಸಿಹಿ ಬಂತು. (ಇನ್ನೂ ನುಣ್ಣಗೆ ಮಾಡಿ 45 ಸೆಕೆಂಡ್ ತಗೊಂಡರೆ ಕಹಿ, ಗಂಟಲು ಒಣಗುತ್ತೆ.) ಆದರೆ ಹಿಂದೆ ಒಂದು ವಾಸನೆ ಉಳಿದೇ ಇತ್ತು. ಹಲಸಿನ ಹಣ್ಣು ಕೊಳೆಯೋಕೆ ಶುರುವಾದಾಗ ಬರುತ್ತಲ್ಲ, ಅದು. ಗ್ರೈಂಡರ್ ಎತ್ತ ತಿರುಗಿಸಿದರೂ ಹೋಗಲಿಲ್ಲ.

ಪಕ್ಕದ ತೋಟದವರ ಕಾಫಿಯನ್ನು ಅದೇ ಅಂಗಡಿಯಲ್ಲಿ ಹುರಿಸಿ, ಅದೇ ಅಳತೆಯಲ್ಲಿ ಮಾಡಿದೆ. ಆ ವಾಸನೆ ಇಲ್ಲವೇ ಇಲ್ಲ. ಅಲ್ಲಿಗೆ ತಪ್ಪು ನಮ್ಮ ಪಲ್ಪಿಂಗ್‌ನಲ್ಲೇ ಅಂತ ಖಾತ್ರಿಯಾಯ್ತು. ಆಳು ಕಡಿಮೆ ಇದ್ದದ್ದಕ್ಕೆ ಶನಿವಾರ ಕೊಯ್ದ ಹಣ್ಣನ್ನು ಚೀಲದಲ್ಲೇ ಬಿಟ್ಟು ಸೋಮವಾರ ಪಲ್ಪರ್‌ಗೆ ಹಾಕಿದ್ವಿ. ಚೀಲದೊಳಗೆ ಹಣ್ಣು ಬಿಸಿಯಾಗಿ, ತೊಟ್ಟಿಗೆ ಬೀಳೋಕೆ ಮುಂಚೆಯೇ ಹುಳಿತು ಹೋಗಿತ್ತು. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ ಅನ್ನೋದು ಬೇರೆ ಮಾತು.

ಈಗ ಅವತ್ತು ಕೊಯ್ದದ್ದು ಅವತ್ತೇ ಪಲ್ಪಿಂಗ್. ಆಳು ಇಲ್ಲದಿದ್ದರೆ ಕೊಯ್ಲೇ ಮುಂದಕ್ಕೆ. ತೊಟ್ಟಿಯಲ್ಲಿ ಗಂಟೆ ಲೆಕ್ಕವನ್ನೇ ನಂಬಿ ಕೂರೋಲ್ಲ, ಬೀಜವನ್ನು ಮುಷ್ಟಿಯಲ್ಲಿ ಉಜ್ಜಿ, ಜಾರದೆ ಹರಳಿನ ಹಾಗೆ ಸಿಕ್ಕಿದ ಕೂಡಲೇ ತೊಳೀತೀವಿ. ಪಾರ್ಚ್‌ಮೆಂಟ್ ತೇವ ಶೇ 10ಕ್ಕೆ ಇಳಿಯೋ ತನಕ ಒಣಗಿಸ್ತೀವಿ, ಮೀಟರ್ ಹಿಡಿದೇ ನೋಡ್ತೀವಿ. ಕಪ್‌ನಲ್ಲಿ ಮುಗ್ಗಲು ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಈ ಒಣಗಿಸುವ ಹಂತವನ್ನೇ.

ರೋಬಸ್ಟಾ ಬೆಳೆಯೋರು ಇದೆಲ್ಲ ಅರೇಬಿಕಾದವರ ಶೋಕಿ ಅಂದ್ಕೊಳ್ಳಬೇಡಿ. ಎಸ್ಪ್ರೆಸೊ ಮೇಲೆ ನಿಲ್ಲುವ ಕಂದು ನೊರೆ, ಅಂದರೆ ಕ್ರೆಮಾ, ರೋಬಸ್ಟಾದಲ್ಲೇ ದಪ್ಪ. ನಮ್ಮ ದೇಶದ ಕಾಫಿಯನ್ನು ಹೆಚ್ಚು ಕೊಳ್ಳೋದೇ ಇಟಲಿ, ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ನಮ್ಮ ರೋಬಸ್ಟಾ ಹೋಗುತ್ತೆ. ನಾನು ನಮ್ಮದೇ ಎರಡನ್ನೂ ಬೆರೆಸಿ ಕುಡೀತೀನಿ, ಅರೇಬಿಕಾ ಏಳು ಪಾಲು, ತೊಳೆದ ರೋಬಸ್ಟಾ ಮೂರು ಪಾಲು.

ಈ ವರ್ಷ ಪ್ರತಿ ಕೊಯ್ಲಿನಿಂದ ಅರ್ಧ ಕೆಜಿ ತೆಗೆದು, ಚೀಟಿ ಬರೆದು ಬೇರೆ ಇಟ್ಟು, ಒಂದೊಂದನ್ನೂ ಕುಡಿದು ನೋಡಿದ ಮೇಲೇ ಅದೇ ರೋಸ್ಟರ್‌ಗೆ ಸ್ಯಾಂಪಲ್ ಕಳಿಸಿದೆ. ಎರಡು ಚೀಲ ತಗೊಂಡಿದ್ದಾರೆ. ಉಳಿದ ಲಾಟ್ ಬಗ್ಗೆ ಇನ್ನೂ ಹೇಳಿಲ್ಲ. ಅಪ್ಪ ಈಗಲೂ ಫಿಲ್ಟರ್ ಕಾಫಿನೇ ಕುಡಿಯೋದು, ಚಿಕೋರಿ ಮಾತ್ರ ಬಿಟ್ಟಿದ್ದಾರೆ.